ಕಿಲ್ಲಾರಿಯ ಭೂಕಂಪ ಮತ್ತು ನಮ್ಮ ಮಾಳಿಗೆ ಮನೆಗಳು

ಹುಮನಾಬಾದ್ ಸೀಮೆಯ ಇತಿಹಾಸ ಎಂದೊಡನೆ ನಮ್ಮ ಜನ ಮೂರು ಕಾಲಗಳನ್ನು ನೆನೆಯುತ್ತಾರೆ: ಕಲ್ಯಾಣದ ಚಾಲುಕ್ಯರ ಕಾಲ, ಹನ್ನೆರಡನೆಯ ಶತಮಾನದ ಶರಣರ ಕಾಲ, ನಿಜಾಮನ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್. ಈ ಮೂರರ ಬಗ್ಗೆಯೂ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಈ ಶಾಲೆಯಲ್ಲಿ ಓದಿದವನು, ಮುಂದೆ ಸಮಾಜ ವಿಜ್ಞಾನದ ಶಿಕ್ಷಕನಾಗಿ ದುಡಿದು ನಿವೃತ್ತನಾದವನು. ಸುವರ್ಣ ಮಹೋತ್ಸವದ ಈ ಸಂಚಿಕೆಗಾಗಿ ನಾನು ಆರಿಸಿಕೊಂಡಿರುವುದು ನಮ್ಮ ಶಾಲೆಯ ಐವತ್ತು ವರ್ಷಗಳ ಒಳಗೇ ಬರುವ ಒಂದು ದಿನ: 1993ರ ಸೆಪ್ಟೆಂಬರ್ 30. ಆ ದಿನದ ಭೂಕಂಪ ಮಹಾರಾಷ್ಟ್ರದ್ದು ಎಂದು ನಾವು ಅದನ್ನು ನಮ್ಮ ಇತಿಹಾಸದ ಹೊರಗೆ ಇಟ್ಟುಬಿಟ್ಟಿದ್ದೇವೆ. ಅದು ನಮ್ಮದೂ ಹೌದು, ನಮ್ಮ ಮನೆಯ ಗೋಡೆಗಳಿಗೆ ಅದರಿಂದ ಕಲಿಯುವುದು ಇನ್ನೂ ಉಳಿದಿದೆ ಎಂಬುದು ನನ್ನ ಅಭಿಪ್ರಾಯ.

ಗಡಿಯ ಆಚೆ, ಈಚೆ

ಕಿಲ್ಲಾರಿ ಇರುವುದು ಲಾತೂರ ಜಿಲ್ಲೆಯ ಔಸಾ ತಾಲೂಕಿನಲ್ಲಿ. ನೇರ ಅಳತೆಯಲ್ಲಿ ಬಸವಕಲ್ಯಾಣದಿಂದ ಐವತ್ತು ಕಿಲೋಮೀಟರಿನ ಒಳಗೆ, ಹುಮನಾಬಾದಿನಿಂದ ಎಪ್ಪತ್ತು ಕಿಲೋಮೀಟರಿನ ಒಳಗೆ. ನಮಗೆ ಬೆಂಗಳೂರು ಎಷ್ಟು ದೂರವೋ ಕಿಲ್ಲಾರಿ ಅಷ್ಟು ಹತ್ತಿರ.

ಈಗಿನ ಮಕ್ಕಳಿಗೆ ಒಂದು ಮಾತು ಬಿಡಿಸಿ ಹೇಳಬೇಕು. 1956ರ ನವೆಂಬರ್ 1ರವರೆಗೆ ಈ ಊರುಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕಿಲ್ಲಾರಿಯ ಪಕ್ಕದ ನಿಲಂಗಾ ತಾಲೂಕು, ಉದಗೀರ ಮತ್ತು ಅಹಮದಪುರ ತಾಲೂಕುಗಳು ನಮ್ಮ ಬೀದರ ಜಿಲ್ಲೆಗೇ ಸೇರಿದ್ದವು. ಭಾಷಾವಾರು ವಿಂಗಡಣೆಯಲ್ಲಿ ಮರಾಠಿ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ ಹೋದವು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಕಚೇರಿಯ ಭಾಷೆ ಬದಲಾಯಿತು, ಶಾಲೆಯ ಪುಸ್ತಕ ಬದಲಾಯಿತು. ಬೀಗತನ ಬದಲಾಗಲಿಲ್ಲ. ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ ಉಮರ್ಗಾ, ಬಸವಕಲ್ಯಾಣದ ಕ್ರಾಸು, ಹುಮನಾಬಾದ್ ಒಂದೇ ಸಾಲಿನಲ್ಲಿ ಬರುತ್ತವೆ. ಸಂತೆ, ಎತ್ತು, ಹೆಣ್ಣು ಕೊಡುವುದು ತರುವುದು ಎಲ್ಲ ಆ ರಸ್ತೆಯ ಗುಂಟ ನಡೆದೇ ಇತ್ತು. ಹಾಗೆಯೇ ಮನೆ ಕಟ್ಟುವ ಪದ್ಧತಿಯೂ ಎರಡೂ ಕಡೆ ಒಂದೇ ಆಗಿ ಉಳಿಯಿತು.

ಆ ನಸುಕು

ಗಣಪತಿ ಕಳಿಸಿದ ರಾತ್ರಿ ಅದು. ಹನ್ನೊಂದು ದಿನದ ಗಣಪತಿಯ ಮೆರವಣಿಗೆ ಮುಗಿಸಿ ಜನ ತಡವಾಗಿ ಮಲಗಿದ್ದರು. ನಸುಕಿನ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಹುಮನಾಬಾದಿನಲ್ಲಿ ಆದದ್ದು ನನ್ನ ವಯಸ್ಸಿನ ಎಲ್ಲರಿಗೂ ನೆನಪಿದೆ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಒಂದಕ್ಕೊಂದು ಬಡಿದವು, ಮಾಳಿಗೆಯ ಜಂತಿಗಳ ಸಂದಿನಿಂದ ಮಣ್ಣು ಉದುರಿತು, ದನಗಳು ಹಗ್ಗ ಜಗ್ಗಿದವು. "ಹೊರಗ ಬರ್ರಿ, ನೆಲ ನಡಗ್ಲತ್ತದ" ಎಂದು ಓಣಿಯ ತುಂಬ ಕೂಗು ಎದ್ದಿತು. ಬೆಳಗಾದ ಮೇಲೆ ನೋಡಿದರೆ ನಮ್ಮಲ್ಲಿ ಅಲ್ಲಲ್ಲಿ ಗೋಡೆ ಬಿರಿದದ್ದಷ್ಟೆ. ಸುದ್ದಿ ಬಂದದ್ದು ಹೆದ್ದಾರಿಯ ಲಾರಿಗಳ ಡ್ರೈವರುಗಳಿಂದ, ಆಮೇಲೆ ರೇಡಿಯೋದಿಂದ.

ಕಿಲ್ಲಾರಿ, ಸಾಸ್ತೂರ, ಹೋಳಿ, ಮಂಗರೂಳ, ತಳಣಿ, ಪೇಠಸಾಂಗವಿ ಮೊದಲಾದ ಊರುಗಳು ಒಂದು ನಿಮಿಷದೊಳಗೆ ಕಲ್ಲುಮಣ್ಣಿನ ಗುಡ್ಡೆಗಳಾಗಿದ್ದವು. ಸತ್ತವರ ಲೆಕ್ಕ ಎಂಟು ಸಾವಿರದಿಂದ ಹತ್ತು ಸಾವಿರದವರೆಗೆ ಬೇರೆ ಬೇರೆ ವರದಿಗಳಲ್ಲಿ ಇದೆ. ಭೂಕಂಪದ ಪ್ರಮಾಣ ಸುಮಾರು 6.2. ಜಗತ್ತಿನಲ್ಲಿ ಈ ಪ್ರಮಾಣದ ಭೂಕಂಪಗಳು ಪ್ರತಿ ವರ್ಷವೂ ಅನೇಕ ಕಡೆ ಆಗುತ್ತವೆ, ಎಷ್ಟೋ ಕಡೆ ಸಾವೇ ಇರುವುದಿಲ್ಲ. ಇಲ್ಲಿ ಇಷ್ಟೊಂದು ಜನ ಯಾಕೆ ಸತ್ತರು? ಉತ್ತರ ಅರ್ಧ ನೆಲದ ಅಡಿಯಲ್ಲಿದೆ, ಅರ್ಧ ನೆಲದ ಮೇಲಿದೆ.

ನೆಲದ ಅಡಿಯ ಮಾತು

ಶಾಲೆಯ ಭೂಗೋಳದಲ್ಲಿ ದಖ್ಖನ್ ಪ್ರಸ್ಥಭೂಮಿ ಎಂದರೆ ಅತಿ ಹಳೆಯ, ಗಟ್ಟಿಯಾದ ನೆಲ. ಭೂಕಂಪ ಎಂದರೆ ಹಿಮಾಲಯದ ಕಡೆಯ ಸಂಗತಿ. 1993ರಲ್ಲಿ ದೇಶದ ಭೂಕಂಪ ವಲಯಗಳ ನಕ್ಷೆಯಲ್ಲಿ ಐದು ವಲಯಗಳಿದ್ದವು. ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ.

ಇಂಥ ನಂಬಿಕೆಗೆ ಮೊದಲು ಪೆಟ್ಟು ಬಿದ್ದದ್ದು 1967ರ ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಕೊಯ್ನಾದಲ್ಲಿ. ಅಲ್ಲಿ ದೊಡ್ಡ ಜಲಾಶಯ ತುಂಬಿದ ಮೇಲೆ ಭೂಕಂಪವಾಯಿತು, ಸುಮಾರು ಇನ್ನೂರು ಜನ ತೀರಿಕೊಂಡರು. ಆಗ ಕೊಯ್ನಾದ ಸುತ್ತಲಿನ ನಕ್ಷೆ ತಿದ್ದಲಾಯಿತು, ನಮ್ಮ ಕಡೆಯದು ಹಾಗೆಯೇ ಉಳಿಯಿತು. ಕೊಯ್ನಾದ ನೆನಪಿನಿಂದಲೇ ಕಿಲ್ಲಾರಿಯಾದ ಕೂಡಲೇ ತೇರಣಾ ನದಿಯ ಅಣೆಕಟ್ಟಿನ ಮೇಲೆ ಜನರ ಸಂಶಯ ಹೋಯಿತು. ವಿಜ್ಞಾನಿಗಳಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ.

ಮೂಲ ಕಾರಣದ ಬಗ್ಗೆ ಹೆಚ್ಚಿನ ಒಮ್ಮತವಿದೆ. ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತ ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡದಿಂದ ಹಿಮಾಲಯ ಏಳುತ್ತದೆ. ಆದರೆ ಒತ್ತಡ ಹಿಮಾಲಯದಲ್ಲೇ ನಿಲ್ಲುವುದಿಲ್ಲ. ಫಲಕದ ನಡುವಿನ ಹಳೆಯ ಬಿರುಕುಗಳಲ್ಲೂ ಸಾವಿರಾರು ವರ್ಷ ನಿಧಾನವಾಗಿ ಕೂಡುತ್ತ ಹೋಗಿ ಒಂದು ದಿನ ಬಿಡುಗಡೆಯಾಗುತ್ತದೆ. ಕಿಲ್ಲಾರಿಯ ಹತ್ತಿರ ಹೊಲದಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ನೆಲ ಒಡೆದು ಉಬ್ಬಿತ್ತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಆಮೇಲೆ ಅಲ್ಲಿ ಆರುನೂರು ಮೀಟರಿಗೂ ಆಳದ ಕೊಳವೆ ಕೊರೆದರು. ನಾವು ಜೋಳ, ತೊಗರಿ ಬೆಳೆಯುವ ಎರೆ ಮಣ್ಣಿನ ಕೆಳಗೆ ಸುಮಾರು 338 ಮೀಟರ್ ಕರಿಕಲ್ಲಿನ ಪದರಗಳು, ಅದರ ಕೆಳಗೆ ಬೇರೆಯೇ ಆದ ಅತಿ ಪ್ರಾಚೀನ ಶಿಲೆ ಸಿಕ್ಕವು. ಹಳೆಯ ಬಿರುಕುಗಳೆಲ್ಲ ಆ ಕರಿಕಲ್ಲಿನ ಹೊದಿಕೆಯ ಅಡಿಯಲ್ಲಿ ಮುಚ್ಚಿಹೋಗಿದ್ದವು. ಮೇಲಿನಿಂದ ನೋಡಿದವರಿಗೆ ನೆಲ ನೆಮ್ಮದಿಯಾಗಿ ಕಾಣುತ್ತಿತ್ತು.

ಮುನ್ಸೂಚನೆ ಇರಲಿಲ್ಲವೆ? ಕಿಲ್ಲಾರಿಯಲ್ಲಿ 1992ರ ಆಗಸ್ಟಿನಿಂದಲೇ ಸಣ್ಣ ಕಂಪನಗಳು ಶುರುವಾಗಿದ್ದವು. ಆ ಅಕ್ಟೋಬರಿನಲ್ಲಿ ಒಂದು ಸ್ವಲ್ಪ ದೊಡ್ಡ ಕಂಪನವೂ ಆಯಿತು. ಜನ ಹೆದರಿ ಹೊರಗೆ ಮಲಗಿದರು. ಮುಂದೆ ಕಂಪನ ಕಡಿಮೆಯಾದ ಹಾಗೆ ಒಳಗೆ ಹೋದರು. ಸಣ್ಣ ಕಂಪನ ಬಂದ ಕಡೆಯೆಲ್ಲ ದೊಡ್ಡದು ಬರುತ್ತದೆ ಎಂದು ಹೇಳಲು ವಿಜ್ಞಾನಕ್ಕೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ.

ನೆಲದ ಮೇಲಿನ ಮಾತು

ನಮ್ಮ ಹಳೆಯ ಮಾಳಿಗೆ ಮನೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಎರಡೆರಡೂವರೆ ಅಡಿ, ಕೆಲವು ವಾಡೆಗಳಲ್ಲಿ ನಾಲ್ಕೈದು ಅಡಿ ದಪ್ಪದ ಗೋಡೆ. ಒಳಮುಖಕ್ಕೆ ಒಂದು ಸಾಲು ಕಲ್ಲು, ಹೊರಮುಖಕ್ಕೆ ಒಂದು ಸಾಲು ಕಲ್ಲು, ನಡುವೆ ಸಣ್ಣ ಕಲ್ಲು ಮತ್ತು ಮಣ್ಣು ತುಂಬಿದ್ದು. ಎರಡೂ ಸಾಲುಗಳನ್ನು ಹಿಡಿದಿಡುವ ಉದ್ದ ಕಲ್ಲು ಬಹಳ ಮನೆಗಳಲ್ಲಿ ಇರುವುದಿಲ್ಲ. ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಒಂದೆರಡು ಅಡಿ ಮಣ್ಣು. ಪ್ರತಿ ಮಳೆಗಾಲದ ಮುಂಚೆ ಸೋರದಿರಲಿ ಎಂದು ಹೊಸ ಮಣ್ಣು ಹಾಕುತ್ತಾರೆ. ಹಳೆಯದನ್ನು ತೆಗೆಯುವವರು ಕಡಿಮೆ. ಅಜ್ಜನ ಕಾಲದ ಮಾಳಿಗೆ ಮೊಮ್ಮಗನ ಕಾಲಕ್ಕೆ ಎರಡು ಪಟ್ಟು ಭಾರವಾಗಿರುತ್ತದೆ.

ಈ ಮನೆ ದಡ್ಡತನದಿಂದ ಹುಟ್ಟಿದ್ದೆಂದು ಯಾರೂ ತಿಳಿಯಬಾರದು. ನಮ್ಮ ಬೇಸಿಗೆಯ ಬಿಸಿಲಿಗೆ ಮಾಳಿಗೆಯಷ್ಟು ತಂಪು ಇನ್ನೊಂದಿಲ್ಲ. ಕಲ್ಲು ಹೊಲದಲ್ಲೇ ಸಿಗುತ್ತದೆ, ಮಣ್ಣು ಕೆರೆಯಲ್ಲಿ. ಸಿಮೆಂಟು ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿತ್ತು? ಗೋಡೆ ದಪ್ಪ ಇದ್ದಷ್ಟು ಮನೆತನ ದೊಡ್ಡದು ಎಂಬ ಲೆಕ್ಕವೂ ಇತ್ತು. ಆದರೆ ನೆಲ ಅಡ್ಡಡ್ಡ ಅಲುಗಿದಾಗ ಕಲ್ಲಿನ ಎರಡು ಸಾಲುಗಳು ಒಂದನ್ನೊಂದು ಬಿಟ್ಟು ಹೊಟ್ಟೆ ಉಬ್ಬಿ ಒಡೆಯುತ್ತವೆ, ಮೇಲಿನ ಮಣ್ಣು ಮಲಗಿದವರ ಮೇಲೆ ಕೂರುತ್ತದೆ. ಕಿಲ್ಲಾರಿಯಲ್ಲಿ ಅನೇಕರು ಪೆಟ್ಟಿನಿಂದ ಮಾತ್ರವಲ್ಲ, ಮಣ್ಣಿನಲ್ಲಿ ಉಸಿರುಗಟ್ಟಿಯೂ ಸತ್ತರು.

ಇಲ್ಲಿ ಸಮಾಜ ವಿಜ್ಞಾನದವರು ಗಮನಿಸಬೇಕಾದ ಒಂದು ಸಂಗತಿಯಿದೆ. ಗುಡಿಸಲುಗಳಲ್ಲಿ, ತಗಡಿನ ಮನೆಗಳಲ್ಲಿ ಮಲಗಿದ್ದ ಬಡವರಲ್ಲಿ ಬದುಕಿದವರು ಹೆಚ್ಚು. ಪೀಳಿಗೆಗಳಿಂದ ಬಂದ ದೊಡ್ಡ ವಾಡೆಗಳು ಕುಟುಂಬಕ್ಕೆ ಕುಟುಂಬವನ್ನೇ ನುಂಗಿದವು. ಕಂಬದ ಮೇಲೆ ತೊಲೆ ಗಟ್ಟಿಯಾಗಿ ಕೂತಿದ್ದ ಕೆಲವು ಅಂಕಣಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತೇ ಇತ್ತು. ಅದರ ಕೆಳಗಿದ್ದವರು ಉಳಿದರು.

ನೆರವು, ಪುನರ್ವಸತಿ, ರಾಜಕಾರಣ

ಆ ವಾರ ನಮ್ಮ ಊರುಗಳಿಂದ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಸೀರೆ, ಧೋತರ, ಚಾದರ ತುಂಬಿದ ಟೆಂಪೋಗಳು ಉಮರ್ಗಾದ ಕಡೆಗೆ ಹೋದವು. ಕಾಲ ಎಂಥದ್ದು ಎಂಬುದನ್ನು ನೆನೆಯಬೇಕು. 1992ರ ಡಿಸೆಂಬರಿನ ಅಯೋಧ್ಯೆ, 1993ರ ಮಾರ್ಚಿನ ಮುಂಬಯಿ ಸ್ಫೋಟ ನಡೆದು ವರ್ಷ ಕಳೆದಿರಲಿಲ್ಲ. ಜನರ ನಡುವೆ ಸಂಶಯದ ಗಾಳಿ ಬೀಸುತ್ತಿದ್ದ ಹೊತ್ತಿನಲ್ಲಿ ರೊಟ್ಟಿ ಬಡಿದ ಕೈ ಯಾವ ಜಾತಿಯದು, ಯಾವ ಧರ್ಮದ್ದು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ದೊಡ್ಡ ಪುನರ್ವಸತಿ ಯೋಜನೆ ಕೈಗೊಂಡಿತು. ಪೂರ್ತಿ ನೆಲಸಮವಾದ 52 ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಲಾಯಿತು. ಮನೆಯ ಅಳತೆ ಜಮೀನಿನ ಮೇಲೆ ನಿಂತಿತ್ತು: ಭೂಹೀನರಿಗೆ ಮತ್ತು ಸಣ್ಣ ಹಿಡುವಳಿಯವರಿಗೆ 250 ಚದರ ಅಡಿ, ಮಧ್ಯಮರಿಗೆ 400, ದೊಡ್ಡ ಹಿಡುವಳಿಯವರಿಗೆ 750. ಭೂಕಂಪ ಅಳಿಸಿದ ಅಂತರವನ್ನು ಸರ್ಕಾರಿ ನಕ್ಷೆ ಮತ್ತೆ ಎಳೆಯಿತು. ನೇರ ರಸ್ತೆಗಳ ಹೊಸ ಊರುಗಳಲ್ಲಿ ದನ ಕಟ್ಟಲು ಜಾಗ ಸಾಲದು, ಕಟ್ಟೆಯ ಹರಟೆ ಇಲ್ಲ ಎಂಬ ಕೊರಗು ಆ ಕಡೆಯ ಬೀಗರಿಂದ ಬಹಳ ವರ್ಷ ಕೇಳಿದ್ದೇನೆ.

ಇದಕ್ಕಿಂತ ದೊಡ್ಡ ಕೆಲಸ ನಡೆದದ್ದು ಕಡಿಮೆ ಹಾನಿಯಾದ ಊರುಗಳಲ್ಲಿ. ಅಲ್ಲಿ ಎರಡು ಲಕ್ಷದ ಹತ್ತಿರ ಮನೆಗಳನ್ನು ಇದ್ದಲ್ಲಿಯೇ ರಿಪೇರಿ ಮಾಡಿ ಗಟ್ಟಿಗೊಳಿಸುವ ಯೋಜನೆ ನಡೆಯಿತು. ಮನೆಯವರೇ ನಿಂತು ಮಾಡಿಸಬೇಕು, ಸರ್ಕಾರ ಹಣ ಮತ್ತು ಎಂಜಿನಿಯರ್ ಸಲಹೆ ಕೊಡಬೇಕು. ಹಳ್ಳಿಯ ಹೆಣ್ಣುಮಕ್ಕಳು 'ಸಂವಾದ ಸಹಾಯಕ'ರಾಗಿ ಮನೆಮನೆಗೆ ಹೋಗಿ ಈ ತಂತ್ರವನ್ನು ತಿಳಿಸಿದರು. ಗಡಿಯ ಈಚೆ ನಮ್ಮ ಮನೆಗಳೂ ಅದೇ ಕಲ್ಲು, ಅದೇ ಮಣ್ಣು, ಅದೇ ಜಂತಿಯವು. ಆ ಯೋಜನೆ ಮಾತ್ರ ರಾಜ್ಯದ ಗಡಿಗೆ ಬಂದು ನಿಂತಿತು.

ಇವತ್ತಿನ ಲೆಕ್ಕ

2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪವಾಯಿತು. 2002ರಲ್ಲಿ ದೇಶದ ನಕ್ಷೆಯನ್ನು ಪರಿಷ್ಕರಿಸಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಿ, ಕಿಲ್ಲಾರಿಯ ಸುತ್ತಲಿನ ಪ್ರದೇಶವನ್ನು ಮೂರನೆಯ ವಲಯಕ್ಕೆ ಸೇರಿಸಿದರು. ಅಂದರೆ ಭಾರತದಲ್ಲಿ ಭೂಕಂಪದ ಭಯವೇ ಇಲ್ಲದ ಜಾಗ ಯಾವುದೂ ಇಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ನಮ್ಮ ನೆರೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರಿನಲ್ಲಿ ಮೇಲಿಂದ ಮೇಲೆ ನೆಲ ಕಂಪಿಸಿ ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದ್ದನ್ನು ಇಂದಿನ ವಿದ್ಯಾರ್ಥಿಗಳೂ ಬಲ್ಲರು.

ಈಗ ನಮ್ಮ ಊರುಗಳಲ್ಲಿ ಸ್ಲ್ಯಾಬಿನ ಮನೆಗಳು ಎದ್ದಿವೆ. ಆದರೆ ಎಷ್ಟೋ ಕಡೆ ಕಲ್ಲುಮಣ್ಣಿನ ಹಳೆಯ ಗೋಡೆ ಹಾಗೆಯೇ ಇದೆ, ಮಾಳಿಗೆ ಮಾತ್ರ ತೆಗೆದು ಅದರ ಮೇಲೆ ಕಾಂಕ್ರೀಟು ಹಾಕಿದ್ದಾರೆ. ಕಣ್ಣಿಗೆ ಹೊಸ ಮನೆ, ಭಾರ ಹೊರುವುದು ಅದೇ ಹಳೆಯ ಗೋಡೆ. ಇದು ಮಾಳಿಗೆಗಿಂತ ಹೆಚ್ಚಿನ ಅಪಾಯ ಆಗಬಹುದು. ಗಡಿಯಾಚೆ ಕಲಿತ ಪಾಠ ದುಬಾರಿಯದಲ್ಲ. ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸುವುದು. ಗೋಡೆಯ ಒಳಮುಖ ಹೊರಮುಖ ಎರಡನ್ನೂ ಹಿಡಿಯುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂಡಿಸುವುದು. ಹೊಸ ಮನೆಯಾದರೆ ಬಾಗಿಲು ಕಿಟಕಿಗಳ ಮೇಲೆ ನಾಲ್ಕೂ ಗೋಡೆ ಸುತ್ತಿ ಬರುವಂತೆ ನಮ್ಮ ಗೌಂಡಿಗಳು ಬೆಲ್ಟ್ ಎನ್ನುವ ಕಾಂಕ್ರೀಟ್ ಪಟ್ಟಿ ಹಾಕಿಸುವುದು. ಕಂಬಕ್ಕೂ ತೊಲೆಗೂ ಗಟ್ಟಿ ಬಿಗಿ ಹಾಕುವುದು. ಇಷ್ಟಾದರೆ ಗೋಡೆ ಬಿರಿದರೂ ಮನೆಯೊಳಗಿನ ಜನಕ್ಕೆ ಹೊರಗೆ ಬರುವಷ್ಟು ಹೊತ್ತು ಸಿಗುತ್ತದೆ.

ಈ ಶಾಲೆಯ ಮಕ್ಕಳಿಗೂ ಗುರುಗಳಿಗೂ ನನ್ನದೊಂದು ಬೇಡಿಕೆಯಿದೆ. ಕಿಲ್ಲಾರಿಯ ನೆಲವನ್ನು ನಿರ್ಭಯ ಎಂದು ಬಗೆದದ್ದಕ್ಕೆ ಒಂದು ಕಾರಣ, ಅಲ್ಲಿ ಹಿಂದೆ ನಡುಗಿದ್ದರ ಬರಹ ಯಾರ ಕೈಯಲ್ಲೂ ಇರದಿದ್ದದ್ದು. ಆ ನಸುಕನ್ನು ಕಂಡವರಲ್ಲಿ ಈಗ ಅರವತ್ತು ದಾಟಿದವರೇ ಹೆಚ್ಚು. ಒಂಬತ್ತನೆಯ ತರಗತಿಯವರು ತಮ್ಮ ತಮ್ಮ ಹಳ್ಳಿಯಲ್ಲಿ ಒಬ್ಬ ಅಜ್ಜ, ಒಬ್ಬ ಅಜ್ಜಿಯನ್ನು ಕೂಡಿಸಿಕೊಂಡು ಕೇಳಲಿ: ಆ ರಾತ್ರಿ ಎಲ್ಲಿ ಮಲಗಿದ್ದಿರಿ, ಯಾವ ಗೋಡೆ ಬಿರಿಯಿತು, ಎಷ್ಟು ದಿನ ಹೊರಗೆ ಮಲಗಿದಿರಿ, ಅದಕ್ಕೂ ಮೊದಲು ನಿಮ್ಮ ಹಿರಿಯರು ಇಂಥದ್ದನ್ನು ಹೇಳಿದ್ದರೇ? ಕೇಳಿದ್ದನ್ನು ಊರ ಹೆಸರು, ದಿನಾಂಕ ಹಾಕಿ ಒಂದು ವಹಿಯಲ್ಲಿ ಬರೆದು ಶಾಲೆಯ ಗ್ರಂಥಾಲಯದಲ್ಲಿ ಇಡಲಿ. ಬರೆಯಲು ಬಂದ ದಿನವೇ ತಮ್ಮ ಮನೆಯ ಗೋಡೆ ಎಷ್ಟು ಅಡಿ ದಪ್ಪ, ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆ ಎಂಬುದನ್ನೂ ಅಳೆದು ಅದೇ ವಹಿಯಲ್ಲಿ ಸೇರಿಸಲಿ. ಮುಂದಿನ ಐವತ್ತು ವರ್ಷಗಳಿಗೆ ಈ ಶಾಲೆ ಕೊಡಬಹುದಾದ ಇತಿಹಾಸ ಗ್ರಂಥ ಅದೇ ಆದೀತು.