ಮಸಿನಗುಡಿ: ಆನೆ ದಾರಿಯ ಮಗ್ಗುಲಲ್ಲಿ ರಜೆ

ನೀಲಗಿರಿ ಬೆಟ್ಟದ ಬುಡದಲ್ಲಿ, ಮುದುಮಲೆ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿರುವ ಪುಟ್ಟ ಊರು ಮಸಿನಗುಡಿ. ತಮಿಳುನಾಡಿಗೆ ಸೇರಿದ್ದರೂ ಇಲ್ಲಿ ಕನ್ನಡದಲ್ಲೇ ವ್ಯವಹರಿಸಬಹುದು.

ದಾರಿ: ಗುಂಡ್ಲುಪೇಟೆಯಿಂದ ಬರುವವರು ಬಂಡೀಪುರ ದಾಟಿ, ತೆಪ್ಪಕಾಡಿನಲ್ಲಿ ಎಡಕ್ಕೆ ಹೊರಳಬೇಕು. ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿರುವುದರಿಂದ ಹಗಲಲ್ಲೇ ತಲುಪುವುದು ಕ್ಷೇಮ. ನೀಲಗಿರಿ ಪ್ರವೇಶಕ್ಕೆ 2024ರ ಮೇ 7ರಿಂದ ಇ-ಪಾಸ್ ಪದ್ಧತಿ ಜಾರಿಗೆ ಬಂದಿದೆ. ಹೊರಡುವ ಮುನ್ನ ನಿಯಮ ವಿಚಾರಿಸಿಕೊಳ್ಳಿ.

ನೋಡಲು: ತೆಪ್ಪಕಾಡಿನ ಸಾಕಾನೆ ಶಿಬಿರ, ಮೋಯಾರ್ ಹೊಳೆ, ಊಟಿಗೆ ಏರುವ ಕಲ್ಹಟ್ಟಿ ಘಾಟಿಯ 36 ತಿರುವುಗಳು. ಕಾಡೊಳಗೆ ಅರಣ್ಯ ಇಲಾಖೆಯ ಸಫಾರಿ ವಾಹನದಲ್ಲೇ ಹೋಗಬೇಕು.

ಎಚ್ಚರಿಕೆ: ಪಶ್ಚಿಮ ಮತ್ತು ಪೂರ್ವ ಘಟ್ಟಗಳ ನಡುವೆ ಆನೆಗಳು ಓಡಾಡುವ ದಾರಿ ಈ ಸೀಮೆಯಲ್ಲೇ ಹಾದುಹೋಗುತ್ತದೆ. ಆ ದಾರಿಯಲ್ಲಿನ ರೆಸಾರ್ಟ್‌ಗಳನ್ನು ತೆರವುಗೊಳಿಸಬೇಕೆಂಬ ಮದ್ರಾಸ್ ಹೈಕೋರ್ಟಿನ 2011ರ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ಉರಿಯುವ ವಸ್ತು ಎಸೆದಾಗ ಸುಟ್ಟುಕೊಂಡಿದ್ದ ಆನೆಯೊಂದು 2021ರ ಜನವರಿಯಲ್ಲಿ ಇಲ್ಲೇ ಸತ್ತಿತು. ಪ್ರವಾಸಿಗರಿಂದಲೇ ಊರಿನ ಹಲವರ ಹೊಟ್ಟೆ ತುಂಬುತ್ತದೆ ನಿಜ. ಆದರೆ ಪ್ರವಾಸಿಗರು ಬರುವುದೇ ಆನೆ ನೋಡಲು. ಆದ್ದರಿಂದ ಪರವಾನಗಿ ಇರುವ ವಸತಿಯಲ್ಲೇ ತಂಗಿ. ರಸ್ತೆಯಲ್ಲಿ ಪ್ರಾಣಿ ಕಂಡರೆ ಗಾಡಿಯಿಂದ ಇಳಿಯಬೇಡಿ, ಕೋತಿಗಳಿಗೆ ತಿಂಡಿ ಎಸೆಯಬೇಡಿ, ಬೆಂಕಿ ಹಚ್ಚಬೇಡಿ.