ಬಂಗುಡೆಯ ಲ್ಯಾಟಿನ್ ಹೆಸರಿನಲ್ಲಿ ಒಂದು ತೆಲುಗು ಪದ

ನಮ್ಮ ಕರಾವಳಿಯಲ್ಲಿ ಒಂದೇ ಮೀನಿಗೆ ಹಲವು ಹೆಸರು. ಕನ್ನಡ, ತುಳುವಿನ ಬಂಗುಡೆ ಕೊಂಕಣಿಯಲ್ಲಿ ಬಾಂಗ್ಡೊ, ಮಲಯಾಳದಲ್ಲಿ ಅಯಲ. ಈ ಗೊಂದಲ ತಪ್ಪಿಸಲೆಂದೇ ವಿಜ್ಞಾನಿಗಳು ಪ್ರತಿ ಜೀವಿಗೆ ಎರಡು ಪದಗಳ ಹೆಸರಿಡುತ್ತಾರೆ. ಸ್ವೀಡನ್ನಿನ ಲಿನೇಯಸ್ ಜಾರಿಗೆ ತಂದ ಈ ಪದ್ಧತಿಗೆ ಪ್ರಾಣಿಗಳ ಮಟ್ಟಿಗೆ ಆತನ 1758ರ ಗ್ರಂಥವೇ ಆಧಾರ. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು.

ಬಂಗುಡೆಯ ವೈಜ್ಞಾನಿಕ ಹೆಸರು ರಾಸ್ಟ್ರೆಲ್ಲಿಗರ್ ಕನಗುರ್ತ. ಗುರುಮಠದಲ್ಲಿ ಕಲಿತ ಲ್ಯಾಟಿನ್ ಬಲದಿಂದ ಇದನ್ನು ಬಿಡಿಸಲು ಹೊರಟ ನಾವು ಅರ್ಧ ದಾರಿಯಲ್ಲೇ ನಿಲ್ಲಬೇಕಾಯಿತು. ಮೊದಲ ಪದದ ಅರ್ಥ 'ಹಲುಬೆಯನ್ನು ಹೊತ್ತದ್ದು'. ಬಂಗುಡೆಯ ಬಾಯಿ ಅಗಲಿಸಿ ನೋಡಿದರೆ ಕಿವಿರಿನ ಬಳಿ ಹಲುಬೆಯ ಹಲ್ಲುಗಳಂತೆ ಸಾಲಾಗಿ ನಿಂತ ಉದ್ದನೆಯ ಕಡ್ಡಿಗಳು ಕಾಣುತ್ತವೆ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಅದು ಸೋಸಿ ತಿನ್ನುವುದು ಇವುಗಳಿಂದಲೇ.

ಎರಡನೆಯ ಪದ ಮಾತ್ರ ಯಾವ ಲ್ಯಾಟಿನ್ ನಿಘಂಟಿನಲ್ಲೂ ಸಿಗದು. ಅದು ತೆಲುಗು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ 200 ಮೀನುಗಳ ಚಿತ್ರ, ವಿವರಗಳನ್ನು 1803ರಲ್ಲಿ ಪ್ರಕಟಿಸಿದರು. ಅಲ್ಲಿನ ಜನರ ಬಾಯಲ್ಲಿದ್ದ ಹೆಸರುಗಳನ್ನೂ ಬರೆದಿಟ್ಟರು. ಫ್ರಾನ್ಸಿನ ಕುವಿಯೇ 1816ರಲ್ಲಿ ಈ ಮೀನಿಗೆ ಹೆಸರಿಡುವಾಗ ಅದೇ ಪದವನ್ನು ಉಳಿಸಿಕೊಂಡರು. ಮುಂದೆ 1908ರಲ್ಲಿ ಕುಲದ ಹೆಸರು ಬದಲಾಯಿತು, ಕನಗುರ್ತ ಬದಲಾಗಲಿಲ್ಲ. ಹೀಗೆ ಪಶ್ಚಿಮ ಕರಾವಳಿಯ ಮನೆಮನೆಯ ಮೀನಿಗೆ ಪೂರ್ವ ಕರಾವಳಿಯ ಹೆಸರು ಕಾಯಂ ಆಯಿತು. ಬೆಸ್ತರನ್ನು ಕೇಳಿ ಬರೆದುಕೊಂಡವರು ಅಲ್ಲಿದ್ದರು ಎಂಬುದಷ್ಟೇ ಕಾರಣ.

ಬೂತಾಯಿಯ ಹೆಸರು ಸರಳ: ಸಾರ್ಡಿನೆಲ್ಲ ಲಾಂಜಿಸೆಪ್ಸ್, ಅಂದರೆ ಉದ್ದ ತಲೆಯ ಪುಟ್ಟ ಸಾರ್ಡೀನ್. ಅಂಜಲ್ ಮೀನಿನ ಹೆಸರಿನಲ್ಲಿರುವುದು ಮಾರಿಷಸ್‌ನಲ್ಲಿ 1773ರಲ್ಲಿ ತೀರಿಕೊಂಡ ಫ್ರೆಂಚ್ ನಿಸರ್ಗ ವಿಜ್ಞಾನಿ ಕಾಮರ್ಸನ್.

ಕಾಣೆ ಮೀನು ಸಿಲ್ಲಾಗೊ ಸಿಹಾಮ. ಎರಡನೆಯ ಪದ ಅರಬ್ಬಿ ಮೂಲದ್ದು. ಕೆಂಪು ಸಮುದ್ರದ ಮೀನುಗಳನ್ನು ಅಧ್ಯಯನ ಮಾಡುತ್ತಿದ್ದ ಫೋರ್ಸ್ಕಾಲ್ 1763ರಲ್ಲಿ ಯೆಮೆನ್‌ನಲ್ಲಿ ಜ್ವರದಿಂದ ಸತ್ತರು. ಅವರ ಟಿಪ್ಪಣಿಗಳನ್ನು ಸಂಗಡಿಗ ನೀಬೂರ್ 1775ರಲ್ಲಿ ಪ್ರಕಟಿಸಿದ್ದರಿಂದ ಹೆಸರು ಉಳಿಯಿತು.

ಮಂಗಳೂರಿನ ಹೋಟೆಲುಗಳಲ್ಲಿ ಇದೇ ಕಾಣೆ 'ಲೇಡಿ ಫಿಶ್'. ಅಮೆರಿಕದಲ್ಲಿರುವ ನಮ್ಮವರು ಈ ಹೆಸರನ್ನು ನಂಬುವಂತಿಲ್ಲ. ಅಲ್ಲಿ ಲೇಡಿ ಫಿಶ್ ಎಂದರೆ ಈಲಾಪ್ಸ್ ಕುಲದ ಬೇರೆಯೇ ಮೀನು, ಮುಳ್ಳು ವಿಪರೀತ. ಸಿಲ್ಲಾಗೊ ಎಂದು ಕೇಳಿದರೆ ಮೋಸವಿಲ್ಲ.