ರಸಪ್ರಶ್ನೆಯ ಬಹುಮಾನ

ರಸಪ್ರಶ್ನೆ ಎಂಬ ಪದವು ಬಲು ಸೊಗಸಾದುದು. ಪ್ರಶ್ನೆಯೆಂದರೆ ಪರೀಕ್ಷೆಯೆಂದು ಹೆದರುವ ಮಕ್ಕಳಿಗೆ, ಪ್ರಶ್ನೆಯಲ್ಲಿಯೂ ರಸವುಂಟೆಂದು ಅದು ಸೂಚಿಸುತ್ತದೆ. ಇಂದು ಮೂವತ್ತರ ಆಸುಪಾಸಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆ ರಸವನ್ನು ಉಣಬಡಿಸಿದ್ದು ದೂರದರ್ಶನ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’. ಆ ಕಾರ್ಯಕ್ರಮದ ಬೆಲೆ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಇತಿಹಾಸವನ್ನು ತುಸು ಅವಲೋಕಿಸಬೇಕು.

ನಮ್ಮ ದೇಶದಲ್ಲಿ ಸಾರ್ವಜನಿಕ ರಸಪ್ರಶ್ನೆಗೆ ಬುನಾದಿ ಬಿದ್ದದ್ದು ಕಲ್ಕತ್ತೆಯಲ್ಲಿ. 1967ರಲ್ಲಿ ನೀಲ್ ಓಬ್ರಿಯನ್ ಅವರು ಅಲ್ಲಿ ಸ್ಪರ್ಧೆಯೊಂದನ್ನು ನಡೆಸಿದರು. 1972ರಲ್ಲಿ ಬೋರ್ನ್‌ವಿಟಾ ಕ್ವಿಜ್ ಕಾಂಟೆಸ್ಟ್ ಆರಂಭವಾಯಿತು. ರೇಡಿಯೊದಲ್ಲಿ ಅದನ್ನು ಮೊದಲು ಹಮೀದ್ ಸಯಾನಿ, ಅವರ ನಿಧನಾನಂತರ ಸೋದರ ಅಮೀನ್ ಸಯಾನಿ ನಡೆಸಿಕೊಟ್ಟರು. 1983ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. 1985ರಲ್ಲಿ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’ ದೂರದರ್ಶನದಲ್ಲಿ ಮೂಡಿಬಂದು ಮನೆಮಾತಾಯಿತು.

ಇವೆಲ್ಲವೂ ಹಿರಿಮೆಯ ಪ್ರಯತ್ನಗಳೇ. ಆದರೆ ಅವು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಗುವಿಗೆ ಎಷ್ಟೋ ಬಾರಿ ಉತ್ತರ ಗೊತ್ತಿರುತ್ತಿತ್ತು, ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಜಾಣತನವೆಂಬುದು ನಗರದ, ಇಂಗ್ಲಿಷ್ ಶಾಲೆಯ ಮಕ್ಕಳ ಸ್ವತ್ತೆಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಿದರೆ ಅದನ್ನು ಕೀಳುವುದು ಎಷ್ಟು ಕಷ್ಟವೆಂಬುದನ್ನು ಮೇಷ್ಟರಾದವರೆಲ್ಲ ಬಲ್ಲರು.

2000ದ ಜುಲೈ 3ರಂದು ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾಯಿತು. ಅಮಿತಾಭ್ ಬಚ್ಚನ್ ಅವರ ಗಂಭೀರ ಕಂಠ, ಒಂದು ಕೋಟಿಯ ಬಹುಮಾನ! ಜ್ಞಾನಕ್ಕೆ ಅಷ್ಟು ದೊಡ್ಡ ಬೆಲೆ ಬಂದದ್ದು ಸಂತೋಷವೇ; ಆದರೆ ಜನರ ಕಣ್ಣು ಪ್ರಶ್ನೆಗಿಂತ ಹಣದ ಮೇಲೆಯೇ ನೆಟ್ಟಿತು.

ಇಂಥ ಕಾಲದಲ್ಲಿ, 2002ರ ಜನವರಿ 4ರಂದು, ‘ಥಟ್ ಅಂತ ಹೇಳಿ’ ಪ್ರಸಾರವನ್ನು ಆರಂಭಿಸಿತು. ನಡೆಸಿಕೊಟ್ಟವರು ವೃತ್ತಿಯಿಂದ ವೈದ್ಯರೂ ಪ್ರವೃತ್ತಿಯಿಂದ ಲೇಖಕರೂ ಆದ ಡಾ. ನಾ. ಸೋಮೇಶ್ವರ ಅವರು. ವಿಜ್ಞಾನ, ಪುರಾಣ, ಸಾಹಿತ್ಯ, ಗಾದೆ ಎಲ್ಲವೂ ತಿಳಿಗನ್ನಡದಲ್ಲಿ ಪ್ರಶ್ನೆಗಳಾಗಿ ಬರುತ್ತಿದ್ದವು. ಸ್ಪರ್ಧಿಯು ತಪ್ಪಿದರೂ ಹಂಗಿಸುವ ಮಾತಿಲ್ಲ. ಸರಿಯುತ್ತರದ ಜೊತೆಗೆ ಎರಡು ಮಾತಿನ ವಿವರಣೆ ದೊರೆಯುತ್ತಿತ್ತು. ಅದು ಒಳ್ಳೆಯ ತರಗತಿಯ ಲಕ್ಷಣ. ಮೂರು ಸಾವಿರಕ್ಕೂ ಮಿಕ್ಕಿ ಕಂತುಗಳನ್ನು ಅದು ಕಂಡಿತೆಂಬುದೇ ಜನರ ಪ್ರೀತಿಗೆ ಸಾಕ್ಷಿ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಮೆಚ್ಚಿದ್ದು ಅದರ ಬಹುಮಾನವನ್ನು: ಸರಿಯುತ್ತರಕ್ಕೊಂದು ಕನ್ನಡ ಪುಸ್ತಕ. ಕೋಟಿಯನ್ನು ಗೆದ್ದವನು ಒಬ್ಬನೇ ಶ್ರೀಮಂತನಾಗುತ್ತಾನೆ. ಪುಸ್ತಕವಾದರೋ ಮನೆಯವರ ಕೈಯಿಂದ ನೆರೆಯವರ ಕೈಗೆ, ಅಲ್ಲಿಂದ ಇನ್ನೊಂದು ಮನೆಗೆ ಸಾಗುತ್ತದೆ. ಒಂದು ಉತ್ತರಕ್ಕೆ ದೊರೆತದ್ದು ನೂರು ಹೊಸ ಪ್ರಶ್ನೆಗಳಿಗೆ ಬೀಜವಾಗುತ್ತದೆ.

2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಕನ್ನಡದ ಕೋಟ್ಯಧಿಪತಿ’ಯೂ ಬಂದಿತು; ಕನ್ನಡದ ಜ್ಞಾನಕ್ಕೂ ಕೋಟಿಯ ಗೌರವ ಸಂದಿತು. ಆದರೂ ಮೇಷ್ಟರ ಪಕ್ಷಪಾತ ಪುಸ್ತಕದ ಕಡೆಗೇ.

ಈಗ ನಿಮ್ಮಲ್ಲಿ ಹಲವರು ತಂದೆತಾಯಿಗಳಾಗಿದ್ದೀರಿ. ಕೆಲವರು ದೂರದೇಶಗಳಲ್ಲಿದ್ದೀರಿ. ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ದಿನಕ್ಕೊಂದು ಪ್ರಶ್ನೆಯನ್ನು ಕನ್ನಡದಲ್ಲಿಯೇ ಕೇಳಿರಿ. ಉತ್ತರ ಥಟ್ಟನೆ ಬರದಿದ್ದರೂ ಚಿಂತೆಯಿಲ್ಲ. ಬಹುಮಾನವನ್ನು ಮಾತ್ರ ಪುಸ್ತಕದ ರೂಪದಲ್ಲಿಯೇ ಕೊಡಿರಿ.